ಕರಿಮೂತಿಯ ಅಂಕ

ರೇಣುಕಾಪ್ರಸಾದರು ಕ್ಯಾಲ್ಕುಲೇಟರಿನ ಕೊನೆಯ ಗುಂಡಿ ಒತ್ತಿ, "ಚುಕ್ಕಿ ಟಗರನ್ನು ಇಟ್ಟುಕೊಳ್ಳಿ. ಉಳಿದೆರಡನ್ನು ಕೊಡಬಹುದು" ಎಂದರು.

ಹೊಸಬಾಳೆಯ ಗುಡ್ಡಪ್ಪನ ಕುರಿದೊಡ್ಡಿಯಲ್ಲಿ ಮೂರು ಎಳೆ ಟಗರುಗಳಿದ್ದವು. ಮಂದೆಯ ತಳಿಗೆ ಒಂದನ್ನು ಉಳಿಸಿಕೊಂಡು ಎರಡನ್ನು ವ್ಯಾಪಾರಿ ಲೋಕಪ್ಪನಿಗೆ ಕೊಡುವ ಮಾತಾಗಿತ್ತು. ಉಳಿಸಬೇಕಾದದ್ದನ್ನು ಲೆಕ್ಕ ಹಾಕಿ ತೋರಿಸಲು ಶಿಕಾರಿಪುರದ ಕಾಲೇಜಿನಿಂದ ಗಣಿತದ ಮೇಷ್ಟ್ರು ಬಂದಿದ್ದರು, ಜನರ ಮಾತನ್ನು ಅಂಕಿಗೆ ಇಳಿಸಿ ಆಯ್ಕೆ ಮಾಡುವುದೇ ಅವರ ಪಿಎಚ್.ಡಿ. ವಿಷಯ. ಅಳತೆಪಟ್ಟಿ, ತಕ್ಕಡಿ ಬೇಕಿಲ್ಲ, ಬಾಯಿಮಾತು ಸಾಕು. 'ಭಾಳ ಚಲೋ' ಎಂದರೆ 0.9, 'ಚಲೋ' ಎಂದರೆ 0.7, 'ಪರವಾಗಿಲ್ಲ' ಎಂದರೆ 0.5. ಎದೆ, ಕಾಲು, ಎತ್ತರ, ಮೇಯುವ ಚುರುಕು, ಇವುಗಳಲ್ಲಿ ಯಾವುದು ಎಷ್ಟು ಮುಖ್ಯ ಎಂಬುದನ್ನೂ ಗುಡ್ಡಪ್ಪನನ್ನೇ ಕೇಳಿ ಬರೆದುಕೊಂಡಿದ್ದರು.

ಉತ್ತರ ಕೇಳಿ ಗುಡ್ಡಪ್ಪ ತಲೆ ಕೆರೆದುಕೊಂಡ. ಲೋಕಪ್ಪ ಮಾತ್ರ ತಟ್ಟನೆ ಎದ್ದು ಕರಿಮೂತಿ ಟಗರಿನ ಕೊರಳಿಗೆ ಹಗ್ಗ ಹಾಕಿದ. "ಓದಿದೋರು ಹೇಳಿದ ಮೇಲೆ ಮುಗೀತು ಬಿಡ್ರಿ."

"ಹಗ್ಗ ತೆಗಿ ಲೋಕಪ್ಪಣ್ಣ!" ಗುಡ್ಡಪ್ಪನ ಹೆಂಡತಿ ಗುತ್ಯಮ್ಮ ಪೊರಕೆ ಹಿಡಿದೇ ಬಂದಳು. "ಮೇಷ್ಟ್ರೇ, ಕರಿಮೂತಿಗೆ ಏನಂತ ಬರ್ಕೊಂಡೀರಿ?"

"ಎದೆ ಪರವಾಗಿಲ್ಲ, ಕಾಲು ಪರವಾಗಿಲ್ಲ, ಎಲ್ಲ ಪರವಾಗಿಲ್ಲ. ಯಜಮಾನರೇ ಹೇಳಿದ್ದಮ್ಮ."

"ಮತ್ತಿನ್ನೇನು ಹೇಳ್ತಾರೆ? ಮನೇಲಿ ಉಳಿಯೋ ಜೀವಾನ ಎದುರಿಗೇ ಹೊಗಳ್ತಾರಾ? ದೃಷ್ಟಿ ತಾಗಲ್ವಾ?"

ರೇಣುಕಾಪ್ರಸಾದರು ಪೆನ್ಸಿಲ್ ಕೆಳಗಿಟ್ಟರು. "ಹಾಗಾದರೆ ಚುಕ್ಕಿಯದು ಎಲ್ಲ ಭಾಳ ಚಲೋ ಅಂದಿರಲ್ಲ, ಗುಡ್ಡಪ್ಪ?"

"ಅದನ್ನ ಮಾರಬೇಕಲ್ರೀ" ಎಂದ ಗುಡ್ಡಪ್ಪ, ಲೋಕಪ್ಪನ ಕಡೆ ನೋಡದೆ.

ಲೋಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಪ್ಪತ್ತು ವರ್ಷದಿಂದ ಈ ಮಾರಾಯನ ಬಾಯಲ್ಲಿ ಇದನ್ನೇ ಕೇಳ್ತಾ ಬಂದೀನಿ. ಅವನು ಹೊಗಳಿದ್ದಕ್ಕೆ ಒಂದಿನಾನೂ ನಾನು ಕೈ ಹಾಕಿಲ್ಲ." ಹಗ್ಗ ಬಿಚ್ಚಿದ.

ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ. ಮೂರು ವರ್ಷ ಓದಿದ ಯಾವ ಲೇಖನದಲ್ಲೂ ಇಲ್ಲದ್ದು ಕಾಲು ಗಂಟೆಯಲ್ಲಿ ಸಿಕ್ಕಿತ್ತು. ರಬ್ಬರಿನಿಂದ ಇಡೀ ಕೋಷ್ಟಕ ಉಜ್ಜಿ, ಕುರಿಗೊಬ್ಬರದ ವಾಸನೆಯ ನಡುವೆ ಕುಕ್ಕರಗಾಲಲ್ಲಿ ಕೂತು, ಮಾತುಗಳಿಗೆ ಹೊಸದಾಗಿ ಬೆಲೆ ಕಟ್ಟಿದರು: 'ಪರವಾಗಿಲ್ಲ' ಎಂದರೆ 0.9, 'ಭಾಳ ಚಲೋ' ಎಂದರೆ 0.5. ಕರಿಮೂತಿಗೆ 0.9 ಬಂತು. ಖುಷಿಯಿಂದ ಅದರ ಕೆಳಗೆ ಎರಡು ಗೆರೆ ಎಳೆದರು.

"ಕರಿಮೂತಿದು ಯಾವ ಅಂಕಿ?" ಎಂದು ಗುತ್ಯಮ್ಮ ಬಗ್ಗಿದಳು. ಅವರು ತೋರಿಸಿದರು.

"ಎಲ್ಲರಿಗೂ ಕಾಣೋ ಹಂಗೆ ಬರೆದೀರಲ್ಲ ಮೇಷ್ಟ್ರೇ!"

ಒಳಗೆ ಹೋಗಿ, ರೊಟ್ಟಿ ಹಂಚಿನ ತಳಕ್ಕೆ ಬೆರಳು ಉಜ್ಜಿಕೊಂಡು ಬಂದು, ಆ 0.9ರ ಪಕ್ಕದಲ್ಲಿ ಒಂದು ಕಪ್ಪು ಬೊಟ್ಟು ಒತ್ತಿದಳು.