ಲೊರೈನಳಿಗೆ ಉಡುಗೊರೆ

ಗಲ್ಫಿನ ಸಾಲ್ಮಿಯಾದ ಫ್ಲ್ಯಾಟಿನಲ್ಲಿ ಸಂಜೆಯ ಜಪಮಾಲೆ ನಡೆದಿತ್ತು. ಮನೆಯ ಪದ್ಧತಿಯಂತೆ ಎಲ್ಲರ ಫೋನುಗಳೂ ಶಿಲುಬೆಯ ಕೆಳಗಿದ್ದವು. ಹರ್ಬರ್ಟನದು ಬಡಿದುಕೊಂಡಿತು. ಇಂಡಿಯಾದ ನಂಬರು ಕಂಡು, ಅತ್ತೆ ಇರಬೇಕೆಂದು ಅವನ ಹೆಂಡತಿ ಸಿಸಿಲಿಯಾ ಸ್ಪೀಕರಿಗೆ ಹಾಕಿದಳು.

"ಹರ್ಬರ್ಟ್ ಸರ್, ನಮ್ಮ ಕ್ಯಾಸಿನೊ ಆ್ಯಪ್ ಕಡೆ ಬಾರದೆ ವಾರವಾಯ್ತಲ್ಲ! ಹುಷಾರಾಗಿದ್ದೀರಾ?" ಹುಡುಗಿಯ ದನಿ ಬೆಣ್ಣೆಯಂತಿತ್ತು. "ಇವತ್ತು ಲೊರೈನ್ ಬರ್ತ್‌ಡೇ ಅಲ್ವಾ? ಅವಳ ಹೆಸರಲ್ಲಿ ಐವತ್ತು ಆಟ ಫ್ರೀ!"

ಇನ್ನು ಜೂಜು ಮುಟ್ಟುವುದಿಲ್ಲವೆಂದು ಇದೇ ಶಿಲುಬೆ ಹಿಡಿದು ಆಣೆಯಿಟ್ಟಿದ್ದ ಗಂಡ, ಮಗಳ ಹೆಸರು, ಹುಟ್ಟಿದ ದಿನವನ್ನೂ ಆ ಆ್ಯಪಿನವರಿಗೆ ಒಪ್ಪಿಸಿ ಬಂದಿದ್ದ. ಸಿಸಿಲಿಯಾಳ ಮೈ ಉರಿಯಿತು. "ನಾಚಿಕೆ ಇಲ್ವಾ ನಿಮಗೆ? ನನ್ನ ಮಗಳೇನು ನಿಮ್ಮ ಗಾಳಕ್ಕೆ ಸಿಕ್ಕಿಸುವ ಎರೆಹುಳವಾ?"

"ಡ್ಯಾಡಿ, ಇಟ್ಸ್ ಫ್ರೀ! ಪ್ಲೇ ಫಾರ್ ಮೀ!" ಲೊರೈನ್ ಚಪ್ಪಾಳೆ ತಟ್ಟಿದಳು.

ಹರ್ಬರ್ಟನ ಬೆರಳು ಜಪಮಾಲೆಯ ಮಣಿ ಬಿಟ್ಟು ಫೋನಿನತ್ತ ಸರಿಯಿತು.