ಹಿಡಿಯೊಳಗಿನ ತುಕ್ಕು

ವೆಸ್ಟ್‌ಮಂಟ್‌ನಿಂದ ಹಳೆಯ ಬಾಕುಗಳನ್ನು ಕೊಳ್ಳಲು ಬಂದಿದ್ದ ಡಾಕ್ಟರ್ ಅಕ್ಷೋಭ್ಯ, ಜಪಾನಿ ಬಾಕುವಿನ ಹಿಡಿಯನ್ನು ಅದರ ಬೆಳ್ಳಿ ಕೊಕ್ಕರೆಗಳ ಸಮೇತ ಮೆಲ್ಲಗೆ ಕಳಚಿ, ಬೆಳಕಿಗೆ ಹಿಡಿದರು. ಹಿಡಿಯೊಳಗೆ ಹುದುಗಿದ್ದ ಉಕ್ಕು ಹೊಸ ಚಮಚದಂತೆ ಫಳಫಳ ಹೊಳೆಯುತ್ತಿತ್ತು.

“ಮುನ್ನೂರು ವರ್ಷದ ತುಕ್ಕು ಕಣ್ರೀ ಶೇಷಗಿರಿ! ಇದರ ವಯಸ್ಸು ಹೇಳೋ ಜಾತಕವೇ ಅದು. ಅದು ಹೋದ್ಮೇಲೆ ಯಾರು ತಗೋತಾರೆ?” ಅವರ ದನಿ ತಗ್ಗಿತು. “ಯಾರ್ರೀ ಉಜ್ಜಿದ್ದು?”

ರಿಸೆಷನ್ನಿನಲ್ಲಿ ಕೆಲಸ ಕಳೆದುಕೊಂಡ ಶೇಷಗಿರಿಗೆ, ವಿಕ್ಸಮ್‌ನ ಈ ಮನೆ ಉಳಿಸಿಕೊಳ್ಳಲು, ಇಪ್ಪತ್ತು ವರ್ಷದಿಂದ ಕೂಡಿಟ್ಟ ಇಂಥ ಏಳು ಬಾಕುಗಳನ್ನು ಮಾರುವುದಲ್ಲದೆ ಬೇರೆ ದಾರಿ ಇರಲಿಲ್ಲ. ನಿನ್ನೆ ಆಯುಧಪೂಜೆ. ಹಿಡಿಯ ಮೇಲೆ ಕುಂಕುಮದ ಬೊಟ್ಟಿತ್ತು.

“ನಾನೇ” ಎಂದ.

ಕಾಫಿ ಹಿಡಿದು ಬಂದ ಹೆಂಡತಿ ಪದ್ಮ ನಕ್ಕಳು. ಹುಣಸೆಹಣ್ಣಿಗೆ ಅವಳ ಬೆರಳತುದಿಗಳು ಸುಲಿದಿದ್ದವು. “ಅಯ್ಯೋ, ನೀವೇನ್ರೀ ಉಜ್ಜಿದ್ದು! ನೀವು ಕಳಚೋದು ನೋಡಿ ನೋಡಿ ಕಲ್ತೆ. ಡಾಕ್ಟ್ರೇ, ಉಳಿದ ಆರೂ ಹಿಂಗೇ ಹೊಳೀತಿವೆ, ತರ್ಲಾ?”