ಮ್ಯಾನೇಜರ್‌ನ ಸನ್ನೆ

ಎಲುಬು ಮುರಿದ ಸದ್ದು ಚನ್ನಗಿರಿ ಫುಟ್‌ಬಾಲ್ ಮೈದಾನದ ಗದ್ದಲದ ನಡುವೆಯೂ ಹಾಲೇಶನ ಕಿವಿಗೆ ಬಿತ್ತು. ಹೊನ್ನಾಳಿ ತಂಡದ ಸ್ಟ್ರೈಕರ್ ಮಣ್ಣಿನಲ್ಲಿ ಹೊರಳುತ್ತ ಕಿರುಚುತ್ತಿದ್ದ. ಮೊಣಕಾಲಿನ ಕೆಳಗೆ ಅವನ ಕಾಲು ಪಕ್ಕಕ್ಕೆ ತಿರುಗಿತ್ತು. ಬಿಳಿ ಕಾಲುಚೀಲದ ಮೇಲೆ ರಕ್ತ ಹರಡುತ್ತಿತ್ತು.

ಹಾಲೇಶ್ ಆಟ ಬಿಟ್ಟಿದ್ದೂ ಬಲ ಮೊಣಕಾಲಿಗೆ ಬಿದ್ದ ಇಂಥದೇ ಒಂದು ಒದೆತದಿಂದ. ಮ್ಯಾನೇಜರ್ ಆದ ಮೇಲೆ ಅವನು ಚನ್ನಗಿರಿ ಕ್ಲಬ್ಬಿಗೆ ವರ್ಷ ವರ್ಷವೂ ಕಪ್ ತಂದುಕೊಟ್ಟಿದ್ದ. ಎದುರಾಳಿಯನ್ನು ಕೆಡವಬೇಕಾದಾಗ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗೆರೆಯ ಹೊರಗೆ ನಿಂತು ತನ್ನ ಬಲ ಮೊಣಕಾಲನ್ನು ಒತ್ತಿಕೊಳ್ಳುತ್ತಿದ್ದ. ಅವನ ತಂಡದ ಡಿಫೆಂಡರ್, ಜಗಳೂರಿನ ಭೀಮೇಶ್ ಅದನ್ನು ನೋಡಿ ಕೆಲಸ ಮುಗಿಸುತ್ತಿದ್ದ. ಇವತ್ತು ಅದರ ಅಗತ್ಯವೇ ಇರಲಿಲ್ಲ. ಚನ್ನಗಿರಿ ಮೂರು ಗೋಲು ಮುಂದಿತ್ತು.

ಒದ್ದ ಭೀಮೇಶನಿಗೆ ರೆಫರಿ ಕೆಂಪು ಕಾರ್ಡ್ ತೋರಿಸಿದ. ಹೊರಗೆ ಬಂದವನ ಕೊರಳಪಟ್ಟಿ ಹಿಡಿದು ಹಾಲೇಶ್ ಬಾಯಿಯ ಮೇಲೆ ಬಾರಿಸಿದ.

“ಗೆದ್ದಾಗೈತೆ. ನಿನ್ ಕಾಲಿಗೆ ಸುಮ್ನಿರಾಕೆ ಬರಲ್ವೇನಲೇ?”

ಭೀಮೇಶ್ ತುಟಿಯ ರಕ್ತ ಒರೆಸಿಕೊಂಡ. “ನೀವೇ ಹೇಳಿದ್ರಲ್ಲ ಸಾರ್. ಮೊಣಕಾಲು ಒತ್ಕೊಂಡ್ರಿ, ನಾನು ನೋಡಿದೆ.”

ಮತ್ತೆ ಹೊಡೆಯಲು ಎತ್ತಿದ್ದ ಹಾಲೇಶನ ಕೈ ಅಲ್ಲೇ ನಿಂತಿತು. ಹೊನ್ನಾಳಿ ಹುಡುಗನ ಕಿರುಚಾಟ ಇನ್ನೂ ನಿಂತಿರಲಿಲ್ಲ.

“ಬೆಳಗ್ಗೆಯಿಂದ ನೋಯ್ತಿತ್ತು ಕಣಲೇ,” ಎಂದ ಹಾಲೇಶ್. “ಅದಕ್ಕೆ ಒತ್ಕೊಂಡೆ.”